ತಾಯಿಗೊಂದು, ಹೆಂಡತಿಗೊಂದು

ಪಾವಗಡ
10 ಮಾರ್ಚ್ 2024

ಅತ್ತೆಯವರಿಗೆ ಅನುಪಮಾ ಮಾಡುವ ನಮಸ್ಕಾರಗಳು.

ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಮೆಸೇಜು ಹಾಕಿದರೆ ದೊಡ್ಡಮಾವನವರ ಫೋನಿಗೆ ಬಂದು ಮನೆಮಂದಿಯೆಲ್ಲ ಓದುತ್ತಾರೆ. ಅದಕ್ಕೇ ಕಾಗದ. ಮಧುಗಿರಿ ಬಿಟ್ಟು ಬಂದ ಮೇಲೆ ಒಂದು ಸಾಲೂ ಬರೆಯದವಳು ಈಗ ಯಾಕೆ ಬರೆದಳು ಎಂದು ನಿಮಗನ್ನಿಸಬಹುದು. ಕೆಲಸವಿದೆ, ಬರೆಯುತ್ತಿದ್ದೇನೆ.

ವರುಗೆ ಎರಡೂವರೆ ವರ್ಷವಾಯಿತು. ನಿಮ್ಮ ಮಗ ತೀರಿಹೋದಾಗ ಒಂಬತ್ತು ತಿಂಗಳ ಕೂಸು, ಏನೂ ತಿಳಿಯುತ್ತಿರಲಿಲ್ಲ. ಈಗ ಎದುರು ಮನೆಯ ಮಗುವಿನ ಅಪ್ಪ ಸ್ಕೂಟರ್ ನಿಲ್ಲಿಸಿದರೆ ಸಾಕು, ತಾನೂ ಬಾಗಿಲಿಗೆ ಓಡುತ್ತಾಳೆ. ಮೊನ್ನೆ ನಮ್ಮಮ್ಮನ ಸೆರಗು ಹಿಡಿದು, ನಮ್ಮ ಮನೆಯ ತೆಲುಗಿನಲ್ಲಿ "ಅಮ್ಮಮ್ಮಾ, ಮಾ ನಾನ್ನ ಏಡಿ?" ಎಂದು ಅಪ್ಪನನ್ನು ಕೇಳಿದಳು. ಅಮ್ಮ ಗೋಡೆಯ ಮೇಲಿನ ಫೋಟೋ ತೋರಿಸಿದಳು. ಇವಳು ಸ್ಟೂಲು ಎಳೆದುಕೊಂಡು ಹತ್ತಿ, ಫೋಟೋಗೆ ಕಿವಿಯಿಟ್ಟು ನಿಂತುಬಿಟ್ಟಳು. ಇಳಿಸಲು ಹೋದರೆ ಕಿರುಚಿದಳು.

ಅವರ ಧ್ವನಿ ಎಲ್ಲೂ ಇಲ್ಲ, ಅತ್ತೆ. ಅಷ್ಟು ಮದುವೆಗಳ ವಿಡಿಯೋ ತೆಗೆದವರು, ಮಿಕ್ಸಿಂಗ್ ಮಾಡುವಾಗ ಮೊದಲು ಅಳಿಸುತ್ತಿದ್ದುದೇ ಕ್ಯಾಮೆರಾ ಹಿಂದಿನ ತಮ್ಮ ಮಾತನ್ನು. "ಇತ್ಲಾಗ್ ನೋಡಿ, ಒಸಿ ನಗಿ" ಅನ್ನುವುದನ್ನೆಲ್ಲ ತೆಗೆದು ಅದರ ಮೇಲೆ ಹಾಡು ಹಾಕುತ್ತಿದ್ದರು. ನಮ್ಮ ಮದುವೆಯದು, ಸೀಮಂತದ್ದು, ವರು ನಾಮಕರಣದ್ದು ಮಾತ್ರ ಪುರುಸೊತ್ತಾದಾಗ ಮಾಡುತ್ತೇನೆಂದು ಹಾಗೇ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಫೋನಂತೂ ಆ ದಿನ ಬೈಕಿನ ಜೊತೆಗೇ ಪುಡಿಯಾಯಿತು.

ಹನ್ನೊಂದನೇ ದಿನ ದೊಡ್ಡಮಾವನವರೂ ನಮ್ಮಪ್ಪನೂ ಕೂತು ಬೀರು, ಕ್ಯಾಮೆರಾ ಎಲ್ಲ ಹಂಚಿದರಲ್ಲ. ಆಗ ಅಂಗಡಿಯವನೊಬ್ಬನನ್ನು ಕರೆಸಿ ಕಂಪ್ಯೂಟರ್ ಬಿಚ್ಚಿಸಿದರು. ಒಳಗೆ ಬಬಲ್‌ಗಮ್ ಪಟ್ಟಿಯಷ್ಟು ದೊಡ್ಡ ಎರಡು ಕಡ್ಡಿ. ವಿಡಿಯೋ ಇರುವುದೆಲ್ಲ ಇವುಗಳಲ್ಲೇ, ಎರಡೂ ಒಂದೇ ಅಳತೆಯವು ಎಂದ ಅಂಗಡಿಯವನು. "ಅಂಗಾದ್ರೆ ಕಿತ್ತಾಟ ಯಾಕೆ? ತಾಯಿಗೊಂದು, ಎಂಡ್ತಿಗೊಂದು" ಎಂದರು ದೊಡ್ಡಮಾವ. ಕೂತಿದ್ದವರೆಲ್ಲ ಸರಿಯಾದ ನ್ಯಾಯ ಎಂದರು.

ನನ್ನ ಪಾಲಿಗೆ ಬಂದದ್ದನ್ನು ಇಲ್ಲಿ ಅಂಗಡಿಯಲ್ಲಿ ಹಾಕಿ ನೋಡಿಸಿದೆ. ಖಾಲಿ. ಒಂದು ಫೋಟೋ ಕೂಡ ಇಲ್ಲ. ತುಂಬಿದ್ದನ್ನು ಆರಿಸಿಕೊಂಡವರು ಯಾರೆಂದು ನಾನು ಕೇಳುವುದಿಲ್ಲ. ನಿಮ್ಮದರಲ್ಲಿ ಇರುವುದನ್ನು ಒಂದು ಕಾಪಿ ಮಾಡಿಸಿ ಕಳಿಸಿ. ಬೇರೆ ಯಾವುದೂ ನನಗೆ ಬೇಡ.

ಅನುಪಮಾ


ಮಧುಗಿರಿ
24 ಮಾರ್ಚ್ 2024

ಅನುಪಮಳಿಗೆ,

ಕೈ ರೂಢಿಯಿಂದ ಚಿ. ಸೌ. ಎಂದು ಬರೆಯಲು ಹೋಗಿ ನಿಂತಿತು. ಬರೀ ಹೆಸರು ಬರೆದಿದ್ದೇನೆ, ತಪ್ಪು ತಿಳಿಯಬೇಡ.

ಅಬ್ಬಬ್ಬಾ! ಎರಡು ವರ್ಷಕ್ಕೆ ಒಂದು ಕಾಗದ, ಅದರಲ್ಲೂ ನನಗೆ ಕಳ್ಳಿ ಪಟ್ಟ. ಅತ್ತೆ ಬದುಕಿದ್ದಾಳೋ ಸತ್ತಳೋ ಅಂತ ಒಂದು ಮಾತಿಲ್ಲ. ಇರಲಿ, ಮೂಡಲಗಿರಿಯಪ್ಪನವರ ಮಗಳಲ್ಲವೇ.

ಈಗ ಕೇಳು. ನನ್ನ ಕಡ್ಡಿಯೂ ಖಾಲಿ. ನೀವು ಇಲ್ಲಿಂದ ಹೋದ ತಿಂಗಳಲ್ಲೇ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿದ್ದೆ. ಅವನು ಹಾಕಿ ನೋಡಿ, ನನಗೆ ಕಿವಿ ಕೇಳುವುದಿಲ್ಲವೆಂದು ಚೀಟಿ ಮೇಲೆ ಬರೆದು ತೋರಿಸಿದ: "ಏನೂ ಇಲ್ಲ, ಫಾರ್ಮ್ಯಾಟ್ ಕೇಳುತ್ತಿದೆ, ಮಾಡಿಕೊಡಲಾ?" ಹಾಗೆಂದರೆ ಏನು ಅಂದೆ. ಒರೆಸಿ ಹೊಸದು ಮಾಡುವುದು ಎಂದು ಬರೆದ. "ಮುಟ್ಟಿಗಿಟ್ಟೀಯ, ನಿನ್ ಕೈ ಮುರೀತೀನಿ" ಅಂತ ಅವನ ಕೈಯಿಂದ ಕಿತ್ತುಕೊಂಡು ಬಂದೆ. ಖಾಲಿಯಾದರೇನು, ನನ್ನ ಮಗ ಮುಟ್ಟಿದ್ದು. ಅವನ ಹಳೇ ಶರ್ಟಿನ ತುಂಡಿನಲ್ಲಿ ಒಂದು ಚೀಲ ಹೊಲಿದು, ಅದರಲ್ಲಿ ಹಾಕಿ ಹೊಲಿಗೆ ಮಿಷನ್ನಿನ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ. ಅಪ್ಪ ಜಾಣ, ತುಂಬಿದ್ದನ್ನು ಮಗಳಿಗೆ ಕೊಡಿಸಿದ ಎಂದು ನಾನು ಅಂದುಕೊಂಡಿದ್ದೆ. ನೀನು ನನ್ನನ್ನು ಅನುಮಾನಿಸಿದಷ್ಟೇ ದಿನ ನಾನೂ ನಿನ್ನನ್ನು ಅನುಮಾನಿಸಿದ್ದೇನೆ, ಲೆಕ್ಕ ಸರಿಹೋಯಿತು.

ನಿನಗೆ ಅವನ ಧ್ವನಿ ಬೇಕು. ನನಗೆ ಅವನ ಬಾಯಿ ಬೇಕು. ಅವನು ಐದನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ನನ್ನ ಕಿವಿ ಹೋಯಿತು. ಬೀದಿಯವರೆಲ್ಲ ನನ್ನ ಹತ್ತಿರ ಗಂಟಲು ಹರಿಯುವ ಹಾಗೆ ಕೂಗುತ್ತಾರೆ, ನನಗೇನು ಕೇಳೀತು? ಅವನೊಬ್ಬನೇ ಬಂದು ಮಿಷನ್ನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿ, ನನ್ನ ಗದ್ದ ಹಿಡಿದು ಮೇಲೆತ್ತಿ, ಸದ್ದೇ ಮಾಡದೆ ತುಟಿಯಲ್ಲಿ ನಿಧಾನವಾಗಿ ಮಾತಾಡುತ್ತಿದ್ದ. ಅವನು ಹೇಳಿದ ಒಂದು ಮಾತೂ ನನಗೆ ತಪ್ಪಿದ್ದಿಲ್ಲ. ಮನೆಯಲ್ಲಿ ಫೋಟೋ ಬೇಕಾದಷ್ಟಿವೆ, ಎಲ್ಲದರಲ್ಲೂ ಅವನ ಬಾಯಿ ಮುಚ್ಚಿದೆ.

ಮಗುವಿಗೆ ಅಪ್ಪ ಅನ್ನುವುದನ್ನೂ ಕಲಿಸು. ನಾನ್ನ ಎಂದು ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಕದರಮ್ಮ


ಪಾವಗಡ
2 ಜೂನ್ 2024

ಅತ್ತೆಯವರಿಗೆ ನಮಸ್ಕಾರಗಳು.

ಸಿಟ್ಟಿನಲ್ಲಿ ಎರಡು ತಿಂಗಳು ಉತ್ತರ ಬರೆಯಲಿಲ್ಲ. ನೀವು ಬರೆದದ್ದು ಸುಳ್ಳು ಎಂದುಕೊಂಡಿದ್ದೆ. ಕಳೆದ ವಾರ ಅವರ ತಿಥಿ ಮುಗಿದ ಮೇಲೆ ಕಾಗದವನ್ನು ಮತ್ತೆ ತೆಗೆದು ಓದಿದೆ. ಆ ಬಾಯಿಯ ವಿಷಯ ಓದುವಾಗ ಅಳು ತಡೆಯಲಾಗಲಿಲ್ಲ. ನಾನು ಆ ಮನೆಯಲ್ಲಿ ಮೂರು ವರ್ಷ ಇದ್ದೆ. ನೀವಿಬ್ಬರೂ ಹಾಗೆ ಮಾತಾಡುವುದನ್ನು ದಿನಾ ನೋಡಿ, ಅತ್ತೆ ಮಗ ನನಗೆ ಕೇಳಿಸಬಾರದೆಂದೇ ಗುಟ್ಟು ಮಾಡುತ್ತಾರೆ ಎಂದು ಉರಿದುಕೊಳ್ಳುತ್ತಿದ್ದೆ.

ವರು ತಲೆ ಮೇಲೆ ಕೈಯಿಟ್ಟು ಹೇಳುತ್ತೇನೆ, ನನ್ನದು ಖಾಲಿಯೇ ಇತ್ತು. ನಿಮ್ಮದೂ ಖಾಲಿ ಎಂದರೆ ತುಂಬಿದ್ದು ಎಲ್ಲಿ ಹೋಯಿತು? ಅದು ಗೊತ್ತಿರುವವರು ಒಬ್ಬರೇ. ಆ ಕಂಪ್ಯೂಟರ್ ಜೋಡಿಸಿಕೊಟ್ಟ ಶಿರಾದ ಸುಹೇಲ್ ಭಾಯ್. ಇವರ ಜೊತೆ ಓದಿದವರು, ನಿಮ್ಮ ಕೈಯ ಮುದ್ದೆ ಉಂಡವರು. ನನ್ನನ್ನು ಇಲ್ಲಿಂದ ಒಬ್ಬಳನ್ನೇ ಅಷ್ಟು ದೂರ ಕಳಿಸುವುದಿಲ್ಲ. ಫೋನಿನಲ್ಲಿ ಕೇಳಿದರೆ ಸಾಲದು, ನಿಮ್ಮ ಕಡ್ಡಿ ತಗೊಂಡು ನೀವು ಒಮ್ಮೆ ಹೋಗಿ ಕೇಳುತ್ತೀರಾ?

ನಿಮ್ಮ ಆರೋಗ್ಯ ಹೇಗಿದೆ? ಹೋದ ಸಲ ಕೇಳಲಿಲ್ಲ.

ನಿಮ್ಮ ಸೊಸೆ
ಅನುಪಮಾ


ಮಧುಗಿರಿ
19 ಜುಲೈ 2024

ಅನೂ,

ಕಾಗದ ಓದುವ ಮೊದಲು ಒಂದು ಕಡೆ ಕೂತ್ಕೋ.

ನಿನ್ನೆ ಶಿರಾಕ್ಕೆ ಹೋಗಿದ್ದೆ. ಸುಹೇಲನ ಅಂಗಡಿ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿದೆ, ಮನೆಯೂ ಅದರ ಮೇಲೆಯೇ. ಅವನೀಗ ಗಡ್ಡ ಬಿಟ್ಟಿದ್ದಾನೆ. ಅಯ್ಯೋ ಇವನ ತುಟಿ ಹೇಗೆ ಓದಲಿ ಎಂದು ಹೆದರಿದೆ, ಪುಣ್ಯಕ್ಕೆ ಮೀಸೆ ಸಣ್ಣಗೆ ಕತ್ತರಿಸಿಕೊಂಡಿದ್ದ. ನನ್ನನ್ನು ನೋಡಿದವನೇ ಎದ್ದು ಕಾಲು ಮುಟ್ಟಿದ. ಅವನ ತಾಯಿ ರಹೀಮುನ್ನೀಸಾ ಟೀ ತಂದುಕೊಟ್ಟು, ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತಳು.

ಕಡ್ಡಿ ತೆಗೆದು ಅವನ ಮುಂದಿಟ್ಟೆ. "ನಂಗೊಂದು, ಅವಳ್ಗೊಂದು ಅಂತ ಅಂಚಿದ್ರು ಕಣಪ್ಪ. ಎರಡೂ ಖಾಲಿ ಅಂತಾರೆ. ಇದೇನ್ ಮಾಟ?" ಅಂದೆ. "ಹಂಚಿದ್ರಾ? ಯಾ ಅಲ್ಲಾ! ಅಮ್ಮಾ, ಇವು ಎರಡಲ್ಲ. ಎರಡೂ ಸೇರಿ ಒಂದೇ" ಅಂದ.

ಅವನು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಇದನ್ನು ರೇಡ್ ಅನ್ನುತ್ತಾರಂತೆ. ಮದರ್‌ಬೋರ್ಡಿನಲ್ಲಿ ಈ ಕಡ್ಡಿಗಳಿಗೆ ಎರಡು ಜಾಗ ಇರುತ್ತದೆ. ಎರಡನ್ನೂ ಕೂರಿಸಿ, ಕಂಪ್ಯೂಟರ್ ಏಳುವ ಮೊದಲೇ ಬರುವ ಸೆಟ್ಟಿಂಗಿಗೆ ಹೋಗಿ ಜೊತೆ ಮಾಡಿದರೆ ಅದು ಎರಡನ್ನೂ ಸೇರಿಸಿ ಒಂದು ಎಂದೇ ತಿಳಿಯುತ್ತದೆ. ಜೊತೆ ಮಾಡಲು ಎರಡು ದಾರಿ. ಒಂದರಲ್ಲಿ, ಇದರಲ್ಲಿ ಬರೆದದ್ದೇ ಅದರಲ್ಲೂ ಇರುತ್ತದೆ, ಒಂದು ಹಾಳಾದರೆ ಇನ್ನೊಂದು ಉಳಿಯುತ್ತದೆ. ಇನ್ನೊಂದರಲ್ಲಿ, ಬಂದದ್ದನ್ನೆಲ್ಲ ಪಟ್ಟಿ ಪಟ್ಟಿ ಸೀಳಿ ಒಂದು ಪಟ್ಟಿ ಇದಕ್ಕೆ, ಮುಂದಿನದು ಅದಕ್ಕೆ. ಎರಡು ಕೈಯಲ್ಲಿ ಕೆಲಸ ಮಾಡಿದ ಹಾಗೆ, ಬೇಗ ಆಗುತ್ತದೆ. ಆದರೆ ಒಂದನ್ನು ತೆಗೆದರೆ ಇನ್ನೊಂದು ಏನಕ್ಕೂ ಬಾರದು.

ಅರ್ಥವಾಗಲೆಂದು ಪೇಪರಿನಲ್ಲಿದ್ದ ಒಂದು ಫೋಟೋವನ್ನು ಬೆರಳಗಲ ಸೀಳಿ, ಒಂದು ಬಿಟ್ಟು ಒಂದು ಪಟ್ಟಿಯನ್ನು ನನ್ನ ಕೈಗೂ ಮಿಕ್ಕವನ್ನು ಅವನ ತಾಯಿಯ ಕೈಗೂ ಕೊಟ್ಟ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದವಳಿಗೆ ಇನ್ನೆಷ್ಟು ಹೇಳಬೇಕು? ಹಸುವಿನ ಮುಂದಿನರ್ಧ ನಿಂಗೆ, ಹಿಂದಿನರ್ಧ ನಂಗೆ ಅಂತ ಅಣ್ಣತಮ್ಮಂದಿರು ಹಂಚಿಕೊಂಡ ಕಥೆಯಾಯಿತು ನಮ್ಮದು.

ಮೊದಲನೇ ದಾರಿಯಲ್ಲೇ ಹಾಕುತ್ತೇನೆಂದು ಸುಹೇಲ್ ಹೇಳಿದ್ದನಂತೆ. ನನ್ನ ಮಗ ಕೇಳಿದರೆ ತಾನೆ? ಆಗಷ್ಟೇ ವರು ಹುಟ್ಟಿದ್ದಳು. "ಲೇ ಸುಹೇಲ, ಸೀಸನ್ನಾಗೆ ವಾರಕ್ಕೆ ಆರು ಮದ್ವೆ. ಬಿರ್ರನೆ ಮಿಕ್ಸಿಂಗ್ ಮುಗಿಸ್ಬುಟ್ಟು ಮನೇಗ್ ಓಗಿ ಮಗಳ ಮಕ ನೋಡ್ಬೇಕು ಕಣ್ಲಾ, ಸ್ಪೀಡಾಗಿರೋದೇ ಆಕು" ಅಂದನಂತೆ. ಇದನ್ನು ಹೇಳುತ್ತಾ ಸುಹೇಲ್ ಅತ್ತುಬಿಟ್ಟ.

ಆದರೆ ಅನೂ, ಏನೂ ಹೋಗಿಲ್ಲ! ನೀನೂ ಸುಳ್ಳಿಯಲ್ಲ, ನಾನೂ ಕಳ್ಳಿಯಲ್ಲ. ಒಂಟಿಯಾಗಿ ಹಾಕಿದ್ದಕ್ಕೆ ಎರಡೂ ಖಾಲಿ ಎಂದು ತೋರಿಸಿತು, ಅಷ್ಟೇ. ಆ ಕಂಪ್ಯೂಟರ್ ಪೆಟ್ಟಿಗೆ ನಮ್ಮ ಮನೆಯಲ್ಲೇ ಇದೆ, ಗವಸು ಹೊಲಿದು ಹಾಕಿದ್ದೇನೆ. "ಅದೇ ಬೋರ್ಡಿಗೆ ಎರಡೂ ಕಡ್ಡಿ ಕೂರಿಸಿದ್ರೆ ಎಲ್ಲಾ ಎದ್ ಕೂತ್ಕಂತದೆ ಅಮ್ಮಾ, ನಾನ್ ಮಾಡ್ಕೊಡ್ತೀನಿ" ಎಂದಿದ್ದಾನೆ. ನಿನ್ನದನ್ನು ಪೋಸ್ಟಿನಲ್ಲಿ ಕಳಿಸಬೇಡ. ಮಗುವನ್ನು ಕರೆದುಕೊಂಡು ನೀನೇ ತಗೊಂಡು ಬಾ.

ಎರಡು ವರ್ಷದಿಂದ ಯಾರಿಗೂ ಹೇಳದ ಮಾತು ಒಂದಿದೆ, ಅದನ್ನೂ ಬರೆದುಬಿಡುತ್ತೇನೆ. ಅವನು ಕಳ್ಳಂಬೆಳ್ಳದ ಮದುವೆಗೆ ಹೊರಟ ಬೆಳಗ್ಗೆ ನಾನು ಬೈದೆ. ಹದಿನಾರನೇ ನಂಬರ್ ಸೂಜಿ ಇಲ್ಲಿ ಸಿಗುತ್ತಿರಲಿಲ್ಲ. ಶಿರಾದಿಂದ ತಾ ಎಂದು ಮೂರು ಸಲ ಹೇಳಿದ್ದೆ, ಮೂರು ಸಲವೂ ಮರೆತು ಬಂದಿದ್ದ. "ಎಂಡ್ತಿ ಮಗು ಬಂದ್ಮ್ಯಾಲೆ ಅವ್ವ ಎಲ್ಲಿ ಗ್ಯಾಪ್ಕ ಇರ್ತಾಳೆ ಬುಡು" ಅಂದುಬಿಟ್ಟೆ. ಅವನು ನಕ್ಕು ಬಂದು ಚಕ್ರಕ್ಕೆ ಕೈಯಿಟ್ಟು ಗದ್ದ ಹಿಡಿದ. ಏನೋ ಹೇಳಲು ತುಟಿ ಆಡಿಸಿದ. ನಾನು ಮುಖ ತಿರುಗಿಸಿಬಿಟ್ಟೆ. ಕಿವಿ ಇದ್ದವಳಾಗಿದ್ದರೆ ಮುಖ ತಿರುಗಿಸಿದರೂ ಕೇಳುತ್ತಿತ್ತು. ಏನಂದನೋ ನನಗೆ ಗೊತ್ತಿಲ್ಲ. ಸಂಜೆ ದೊಡ್ಡೇರಿ ಕಡೆಯ ತಿರುವಿನಲ್ಲಿ ಹೋಗೇಬಿಟ್ಟ. ನೀನು ಆಗ ಅಡುಗೆಮನೆಯಲ್ಲಿದ್ದೆ. ನಿನಗೇನಾದರೂ ಕೇಳಿಸಿತೇ?

ಬೇಗ ಬಾ. ಆ ವಿಡಿಯೋದಲ್ಲಿ ಅವನ ಬಾಯಿ ಆಡುವುದನ್ನು ಒಂದೇ ಒಂದು ಸಲ ನೋಡಬೇಕು.

ಅತ್ತೆ


ಮಧುಗಿರಿ
25 ಆಗಸ್ಟ್ 2024

ಅನೂ,

ಉತ್ತರ ಬರಲಿಲ್ಲ. ಮಗುವಿಗೆ ಹುಷಾರಿಲ್ಲವೇ? ವರಮಹಾಲಕ್ಷ್ಮಿ ಹಬ್ಬಕ್ಕೆ ಬರುತ್ತೀರೆಂದು ಅವಳಿಗೆ ಹಸಿರು ಲಂಗ ಹೊಲಿದಿದ್ದೆ. ಉದ್ದ ಅಂದಾಜಿಗೆ ಇಟ್ಟಿದ್ದೇನೆ, ಮಡಿಕೆ ಬಿಚ್ಚಿದರೆ ಎರಡು ವರ್ಷ ಬರುತ್ತದೆ. ಸುಹೇಲ್ ತಾನೇ ಬಂದು ಪೆಟ್ಟಿಗೆ ತಗೊಂಡು ಹೋಗಿ ಧೂಳು ತೆಗೆದು ಸಿದ್ಧ ಮಾಡಿದ್ದಾನೆ. ನಿನ್ನ ಅಪ್ಪ ಬೇಡ ಎನ್ನುತ್ತಾರೆಯೇ? ನಾನು ಬೇಕಾದರೆ ಪಾವಗಡಕ್ಕೆ ಬಂದು ಅವರ ಕಾಲು ಹಿಡಿಯುತ್ತೇನೆ. ಒಂದು ಸಾಲು ಬರಿ.

ಅತ್ತೆ


ಪಾವಗಡ
6 ಸೆಪ್ಟೆಂಬರ್ 2024

ಅತ್ತೆ,

ನಾಲ್ಕು ಸಲ ಬರೆದು ಹರಿದೆ. ನೀವು ಇಲ್ಲಿಗೆ ಬಂದು ಯಾರ ಕಾಲೂ ಹಿಡಿಯಬೇಡಿ. ತಡೆದವರು ಯಾರೂ ಇಲ್ಲ.

ನಿಮ್ಮ ಮಾರ್ಚ್ ತಿಂಗಳ ಕಾಗದ ಬಂದ ವಾರ ನನಗೆ ಮೈಯೆಲ್ಲ ಉರಿ. ತಮ್ಮ ಅನಿಲ್ ಕುಮಾರ್‌ಗೆ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲುತ್ತಿರಲಿಲ್ಲ. "ತಗೋ, ಖಾಲಿ ಡಬ್ಬ, ನಿನಗಾದರೂ ಉಪಯೋಗಕ್ಕೆ ಬರಲಿ" ಎಂದು ಆ ಕಡ್ಡಿಯನ್ನು ಅವನ ಮುಂದೆ ಎಸೆದೆ. ಅವನು ಪಾಪ, ಕೇಳಿದ. "ಅಕ್ಕಾ, ಫಾರ್ಮ್ಯಾಟ್ ಕೊಡ್ಲಾ ಅಂತೈತೆ, ಕೊಡ್ಲಾ?" ಎಂದ. ನಾನು ಒಲೆ ಮುಂದೆ ಇದ್ದೆ. ತಿರುಗಿಯೂ ನೋಡದೆ "ಕೊಡು" ಎಂದೆ.

ನಿಮ್ಮ ಕಾಗದದಲ್ಲೇ ಬರೆದಿದ್ದಿರಿ, ಅಂಗಡಿಯವನು ಅದನ್ನೇ ಕೇಳಿದಾಗ ಕಿತ್ತುಕೊಂಡು ಬಂದೆ ಎಂದು. ನಾನು ಓದಿದ್ದೆ, ಅತ್ತೆ. ಓದಿಯೂ "ಕೊಡು" ಎಂದೆ. ಈಗ ಅದರ ತುಂಬ ಅವನ ಪರೀಕ್ಷೆಯ ಪಾಠಗಳಿವೆ, ಸಿನಿಮಾಗಳಿವೆ. ಜುಲೈಯಲ್ಲಿ ನಿಮ್ಮ ಕಾಗದ ಓದಿದ ಮೇಲೆ ವಿಷಯ ತಿಳಿದು ಅವನು ಎರಡು ದಿನ ಊಟ ಬಿಟ್ಟ. ನನಗೆ ಅಳುವುದಕ್ಕೂ ಮುಖವಿರಲಿಲ್ಲ. ಅಮ್ಮ "ಏಡವಕೇ ತಲ್ಲಿ", ಅಳಬೇಡ ತಾಯಿ ಎಂದು ತಲೆ ಸವರಿದರೆ ಕೈ ತಳ್ಳಿಬಿಟ್ಟೆ.

ಅರ್ಧ ನಿಮ್ಮ ಹತ್ತಿರ, ಅರ್ಧ ನನ್ನ ಹತ್ತಿರ ಅವರು ಉಳಿದಿದ್ದರು. ನಿಮ್ಮ ಅರ್ಧವನ್ನು ನೀವು ಚೀಲ ಹೊಲಿದು ಕಾಪಾಡಿದಿರಿ. ನನ್ನ ಅರ್ಧವನ್ನು ನಾನು ಒರೆಸಿದೆ. ಸುಹೇಲ್ ಭಾಯ್‌ಗೆ ಫೋನ್ ಮಾಡಿ ಕೇಳಿದೆ, ಇಂಥ ಕಡ್ಡಿಯಲ್ಲಿ ಒರೆಸಿದ್ದು ತಿರುಗಿ ಬರುವುದಿಲ್ಲ ಎಂದರು.

ಆ ಬೆಳಗ್ಗೆ ಏನಂದರೆಂದು ಕೇಳಿದ್ದೀರಿ. ನಾನು ಅಲ್ಲೇ ಗೋಡೆಯ ಆಚೆ ಇದ್ದೆ. ಆದರೆ ಅವರು ನಿಮ್ಮ ಜೊತೆ ಸದ್ದಿಲ್ಲದೆ ಮಾತಾಡುತ್ತಿದ್ದರಲ್ಲ. ನನಗೂ ಏನೂ ಕೇಳಿಸಲಿಲ್ಲ.

ಕ್ಷಮಿಸಿ ಎಂದು ಬರೆಯುವ ಯೋಗ್ಯತೆ ನನಗಿಲ್ಲ.

ಅನುಪಮಾ


ಶಿರಾ
20 ನವೆಂಬರ್ 2024

ಅನುಪಮಾ ಭಾಭಿ ಅವರಿಗೆ ಸುಹೇಲ್‌ನ ಸಲಾಂ.

ಫೋನಿನಲ್ಲಿ ಹೇಳುವ ವಿಷಯವಲ್ಲ, ಜೊತೆಗೆ ಒಂದು ವಸ್ತುವನ್ನೂ ಕಳಿಸಬೇಕಿತ್ತು. ಅದಕ್ಕೆ ಬರೆಯುತ್ತಿದ್ದೇನೆ.

ಅಮ್ಮ ನಿಮಗೆ ಉತ್ತರ ಬರೆದಿಲ್ಲ ಎಂದು ಗೊತ್ತು. ಹೋದ ತಿಂಗಳು ಒಬ್ಬರೇ ನನ್ನ ಅಂಗಡಿಗೆ ಬಂದರು. ಭಾಭಿ ಬರಲಿಲ್ಲವೇ ಎಂದು ಕೇಳಿಬಿಟ್ಟೆ, ಬಾಯಿ ತಪ್ಪಿ. "ಅವಳ್ದು ಓಯ್ತು ಕಣಪ್ಪ. ಅವಳ್ ಮ್ಯಾಲೆ ರೇಗ್ಬ್ಯಾಡ, ಅವಳೇ ಒಳಗೊಳಗೆ ಸಾಯ್ತಾವ್ಳೆ. ನಂಗೆ ಕಾಗ್ದ ಬರೆಯಕ್ಕೆ ಮಾತು ಸಿಗ್ತಿಲ್ಲ" ಅಂದರು. ಆಮೇಲೆ ಚೀಲದಿಂದ ತಮ್ಮ ಕಡ್ಡಿ ತೆಗೆದು ಮೇಜಿನ ಮೇಲಿಟ್ಟು ಹೀಗೆ ಕೇಳಿದರು: "ನೀನು ಪೇಪರ್ ಸೀಳಿದ್ಯಲ್ಲ, ಒಂದೇ ಪಟ್ಟಿಯೊಳಗೆ ಇಡಿಸೋ ಅಂತ ಸಣ್ಣ ಹೂವು ಇದ್ರೆ ಅದು ಅರ್ಧ ಆಗಿರಲ್ವಲ್ಲ? ಅಂತದ್ದೇನಾರ ಐತಾ ನೋಡಪ್ಪ."

ನಾಚಿಕೆಯಾಯಿತು ಭಾಭಿ. ಹದಿನೈದು ವರ್ಷದಿಂದ ಇದೇ ಕೆಲಸ ಮಾಡುವ ನನಗೆ ಹೊಳೆದಿರಲಿಲ್ಲ. ಒಂದು ಪಟ್ಟಿಗಿಂತ ಚಿಕ್ಕದಾದ ಫೈಲು ಇದ್ದರೆ ಅದು ಒಂದೇ ಕಡ್ಡಿಯಲ್ಲಿ ಪೂರ್ತಿ ಉಳಿದಿರಬಹುದು. ಮೂರು ವಾರ ಅದರಲ್ಲೇ ಹುಡುಕಿದೆ. ವಿಡಿಯೋ ಒಂದೂ ಇಲ್ಲ, ಅದರ ಆಸೆ ಬಿಡಿ. ಕೆಲವು ಫೋಟೋಗಳ ಮೇಲಿನ ಭಾಗ ಬಂತು. ಒಂದರಲ್ಲಿ ನಿಮ್ಮ ಮದುವೆಯ ಚಪ್ಪರ ಮಾತ್ರ ಇದೆ, ಕೆಳಗೆಲ್ಲ ಬೂದು ಬಣ್ಣ.

ಪೂರ್ತಿ ಸಿಕ್ಕಿದ್ದು ಒಂದೇ. ಹದಿನೇಳು ಸೆಕೆಂಡಿನ ಧ್ವನಿ. ರೇವಂತ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದನ್ನು ಕಂಪ್ಯೂಟರಿಗೆ ಹಾಕಿದ್ದಾನೆ. ತೀರಾ ಚಿಕ್ಕದು, ಹಾಗಾಗಿ ಸೀಳದೆ ಉಳಿದಿದೆ.

ಅಮ್ಮನನ್ನು ಕರೆಸಿದೆ. ಸ್ಪೀಕರ್ ಹಚ್ಚಿದೆ. ಅವರು ಅದರ ಮೇಲೆ ಅಂಗೈಯಿಟ್ಟು ಕೂತರು. "ಅದುರ್ತೈತೆ" ಅಂದರು. ಏನಂತಾನೆ ಎಂದು ಕೇಳಿದರು. ಅದು ಮನೆಯೊಳಗಿನ ಮಾತು, ನನ್ನ ಗಡ್ಡದ ಬಾಯಿಯಿಂದ ಬರಬಾರದು. ಭಾಭಿ ಬರೆದು ಕಳಿಸುತ್ತಾರೆ ಅಮ್ಮಾ ಎಂದೆ. "ಆಗ್ಲಿ, ಅವ್ಳೇ ಬರೀಲಿ" ಅಂದು ಬಸ್ಸಿಗೆ ಹೋದರು.

ಇದರ ಜೊತೆಗೆ ಪೆನ್‌ಡ್ರೈವ್ ಇದೆ. ಅದರ ಮೂರು ಕಾಪಿ ನನ್ನಲ್ಲಿವೆ, ಮೂರು ಬೇರೆ ಬೇರೆ ಜಾಗದಲ್ಲಿ. ಅವತ್ತು ಅವನ ಮಾತು ಕೇಳದೆ ಎರಡರಲ್ಲೂ ಒಂದೇ ಬರೆಯುವ ಹಾಗೆ ಹಾಕಿದ್ದರೆ ಇವತ್ತು ನಿಮ್ಮಿಬ್ಬರ ಹತ್ತಿರವೂ ಪೂರ್ತಿ ರೇವಂತ ಇರುತ್ತಿದ್ದ. ದಿನಾ ಅದೇ ನೆನಪಾಗುತ್ತದೆ.

ನಿಮ್ಮ ತಮ್ಮನಂಥವನು
ಸುಹೇಲ್


ಪಾವಗಡ
1 ಡಿಸೆಂಬರ್ 2024

ಪೂಜ್ಯ ಅತ್ತೆಯವರಿಗೆ,

ಆರು ದಿನದಿಂದ ಕೇಳುತ್ತಿದ್ದೇನೆ. ನೀವೇ ಕೇಳಿದ ಹಾಗೆ ಆಗಲೆಂದು, ಒಂದೊಂದು ಸದ್ದನ್ನೂ ಬಿಡದೆ ಬರೆಯುತ್ತೇನೆ.

ಮೊದಲು ನಿಮ್ಮ ಮಿಷನ್ನಿನ ಸದ್ದು ಕೇಳಿಸುತ್ತದೆ. ಅವರು ನಿಮ್ಮ ಪಕ್ಕದಲ್ಲೇ ನಿಂತು, ನಿಮಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೇ ಮಾತಾಡಿದ್ದಾರೆ. ತಮಗೆ ತಾವೇ ಜ್ಞಾಪಕಕ್ಕೆಂದು ಹೇಳಿಕೊಂಡದ್ದು. ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಹೀಗೆ:

"ಲೇ ರೇವಂತಾ, ಕಳ್ಳಂಬೆಳ್ಳದ್ ಮದ್ವೆ ಮುಗಿಸ್ಕಂಡು ಶಿರಾಕ್ಕೋಗು. ಮೊದ್ಲು ಅವ್ವಂಗೆ ಅದ್ನಾರ್ನೇ ನಂಬರ್ ಸೂಜಿ. ಆಮ್ಯಾಕೆ ಪಾಪುಗೆ ಗೆಜ್ಜೆ. ಅನೂಗೆ... ಅನೂ ಏನೋ ಏಳಿದ್ಲಲ್ಲಪ್ಪಾ..."

ಇಲ್ಲಿ ನಿಂತು ಯೋಚಿಸುತ್ತಾರೆ. ಮಿಷನ್ ಓಡುತ್ತಲೇ ಇದೆ. ನೆನಪಾಗುವುದಿಲ್ಲ, ಒಬ್ಬರೇ ನಗುತ್ತಾರೆ. ಆಮೇಲೆ:

"ಓಗ್ಲಿ, ಸೂಜಿ ಮಾತ್ರ ಮರೀಬ್ಯಾಡ ಕಣ್ಲಾ. ಅವ್ವ ಮಕ ತಿರುಗಿಸ್ತಾಳೆ."

ಇಷ್ಟೇ. ಅಲ್ಲಿಗೆ ನಿಲ್ಲುತ್ತದೆ.

ಹೊರಡುವ ಹಿಂದಿನ ಸಂಜೆ ಫೋನು ತುಂಬಿತೆಂದು ಇದ್ದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದರು, ಅದು ನನಗೆ ನೆನಪಿದೆ. ಹಾಗಾಗಿ ನೀವು ಬೆಳಗ್ಗೆ ಬೈಯುವ ಮೊದಲೇ ಇದನ್ನು ಹೇಳಿಕೊಂಡಿದ್ದಾರೆ. ಮದುವೆ ಮುಗಿಸಿ ಬರುವಾಗ ಸೂಜಿ ಕೊಂಡಿದ್ದರೋ, ಎಲ್ಲಾದರೂ ಬಿದ್ದು ಹೋಯಿತೋ ನನಗೆ ಗೊತ್ತಿಲ್ಲ. ಮರೆತಿರಲಿಲ್ಲ, ಅತ್ತೆ. ಮರೆತದ್ದು ನಾನು ಹೇಳಿದ್ದನ್ನು. ಏನು ತರಲು ಹೇಳಿದ್ದೆನೋ ಈಗ ನನಗೂ ನೆನಪಿಲ್ಲ. ಕೇಳಿದಾಗೆಲ್ಲ ನಗುತ್ತೇನೆ, ಅಳುತ್ತೇನೆ.

ವರು ಇದನ್ನು ದಿನಕ್ಕೆ ಇಪ್ಪತ್ತು ಸಲ ಹಾಕಿಸಿಕೊಳ್ಳುತ್ತಾಳೆ. ಈಗ ಫೋಟೋಗೆ ಕಿವಿಯಿಡುವುದಿಲ್ಲ. ಸಂಕ್ರಾಂತಿಗೆ ನಾವಿಬ್ಬರೂ ಬರಬಹುದೇ? ಬೇಡವೆಂದರೆ ಬೇಜಾರಿಲ್ಲ.

ನಿಮ್ಮ ಸೊಸೆ
ಅನು


ಮಧುಗಿರಿ
22 ಜನವರಿ 2025

ಅನೂ,

ನೀವು ಬಸ್ಸು ಹತ್ತಿದ ಮೇಲೆ ಮನೆಗೆ ಬಂದು ನೋಡಿದರೆ ಎಳ್ಳುಬೆಲ್ಲದ ಡಬ್ಬ ಇಲ್ಲೇ ಮರೆತು ಹೋಗಿದ್ದೀಯ. ಗಂಡನಿಗೆ ತಕ್ಕ ಹೆಂಡತಿ. ಪಾವಗಡ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ.

ನೀನು ತಂದುಕೊಟ್ಟ ಕಡ್ಡಿಯನ್ನೂ ನನ್ನದನ್ನೂ ಅದೇ ಚೀಲದಲ್ಲಿ ಹಾಕಿದ್ದೇನೆ. ಇನ್ನು ಅವುಗಳಿಂದ ಏನೂ ಬರುವುದಿಲ್ಲ ಎಂದು ಸುಹೇಲ್ ಮತ್ತೆ ಮತ್ತೆ ಹೇಳಿದ್ದಾನೆ, ಗೊತ್ತು. ಜೊತೆಯಲ್ಲಿರಲಿ. ನಿನ್ನ ತಮ್ಮನಿಗೆ ಹೊಸದು ಕೊಡಿಸು, ಬೈಯಬೇಡ. ನಿನ್ನ ದೊಡ್ಡಮಾವ ಸಣ್ಣರಂಗಯ್ಯನವರಿಗೂ ಎಲ್ಲ ಬಿಡಿಸಿ ಹೇಳಿದೆ. ಕೇಳಿ, "ನಂಗೇನ್ ಗೊತ್ತಮ್ಮಾ, ಎರಡಿದ್ವು, ಎರಡು ಪಾಲು ಮಾಡ್ದೆ" ಅಂದರು. ಅವರನ್ನು ಬೈದು ಏನು ಮಾಡಲಿ?

ನಿನಗೆ ಹೇಳದ ಒಂದು ವಿಷಯವಿದೆ. ಹಬ್ಬದ ದಿನ ನೀನು ನೀರಿಗೆ ಹೋಗಿದ್ದಾಗ ನಾನು ಮಿಷನ್ ಮೇಲೆ ಕೂತಿದ್ದೆ. ವರು ಹಸಿರು ಲಂಗ ಎತ್ತಿಕೊಂಡು ಬಂದು ಚಕ್ರಕ್ಕೆ ಕೈ ಹಾಕಿದಳು. ಬೆರಳು ಸಿಕ್ಕಿಕೊಂಡೀತೆಂದು ಹೆದರಿ ನಿಲ್ಲಿಸಿದೆ. ನಾನು ಅವಳಿಗೆ ಏನೂ ಹೇಳಿಕೊಟ್ಟಿರಲಿಲ್ಲ, ಕೇಳಿಸದ ಅಜ್ಜಿಯ ಹತ್ತಿರ ಮಾತಾಡುವುದು ಹೇಗೆಂದು ಎರಡು ದಿನದಲ್ಲಿ ತಾನೇ ಕಂಡುಕೊಂಡಿದ್ದಳು. ತೊಡೆ ಹತ್ತಿ ಕೂತು ನನ್ನ ಗದ್ದ ಹಿಡಿದಳು.

ಪೆನ್‌ಡ್ರೈವ್‌ನಲ್ಲಿ ಇರುವುದನ್ನೆಲ್ಲ ಹೇಳಿದಳು ಅನೂ. ಕೂಗಿಯೇ ಹೇಳಿರಬೇಕು, ಕತ್ತಿನ ನರ ಉಬ್ಬಿತ್ತು. ನನಗೆ ಸದ್ದಿಲ್ಲ, ತುಟಿ ಮಾತ್ರ. ಅವನದೇ ತುಟಿ. ಕೆಳತುಟಿ ಎಡಗಡೆ ಒಸಿ ಜಾಸ್ತಿ ಇಳಿಯುತ್ತದೆ, ಮಾರಾಯ್ತಿ, ಅದನ್ನು ಎಲ್ಲಿಂದ ತಂದಳೋ. ಕಳ್ಳಂಬೆಳ್ಳ ಅಂದಳು, ಸೂಜಿ ಅಂದಳು, ಗೆಜ್ಜೆ ಅಂದಳು. ನಿನ್ನ ಹೆಸರಿಗೆ ಬಂದು ನಿಂತು, ಅವನು ನಕ್ಕಿದ್ದನ್ನೂ ನಕ್ಕಳು. ಕೊನೆಗೆ "ಮರೀಬ್ಯಾಡ ಕಣ್ಲಾ, ಅವ್ವ ಮಕ ತಿರುಗಿಸ್ತಾಳೆ" ಅಂದಳು.

ಕಣ್ಣು ತುಂಬಿ ಅವಳ ಬಾಯಿ ಮಸುಕಾಯಿತು, ಸೆರಗಿನಲ್ಲಿ ಒರೆಸಿಕೊಂಡು ಇನ್ನೊಂದು ಸಲ ಹೇಳು ಅಂದೆ. ಮತ್ತೆ ಮೊದಲಿನಿಂದ ಹೇಳಿದಳು. ಈ ಸಲ ನಾನು ಮುಖ ತಿರುಗಿಸಲಿಲ್ಲ, ಕೊನೇವರೆಗೂ ನೋಡಿದೆ.

ನಿನ್ನ ಅತ್ತೆ
ಕದರಮ್ಮ